ಈ ಹೊಗೆ ಯಾರಿಗೆ ಸೇರಿದ್ದು?

ನೀವು ಎಂದಾದರೂ ಜುಲೈ ತಿಂಗಳಲ್ಲಿ ಉಜಿರೆಯ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತಿ ಬಂದಿದ್ದರೆ, ಮೇಲೆ ತಲುಪಿದೊಡನೆ ಕೊಟ್ಟಿಗೆಹಾರದಲ್ಲಿ ಬಸ್ಸು ನಿಂತದ್ದು ನಿಮಗೆ ನೆನಪಿರಬಹುದು. ಎದುರಿನ ಅಂಗಡಿ ಮಂಜಿನಲ್ಲಿ ಕಾಣುವುದಿಲ್ಲ. ಮಳೆ ಮೇಲಿನಿಂದ ಮಾತ್ರವಲ್ಲ, ಪಕ್ಕದಿಂದಲೂ ಬರುತ್ತದೆ. ನೀವು ಬಿಸಿ ನೀರುದೋಸೆ ತಿಂದು, ಒಂದು ಲೋಟ ಕಾಫಿ ಕುಡಿದು, ಮೂಡಿಗೆರೆಗೋ ಕಳಸಕ್ಕೋ ಹೊರಟುಹೋಗುತ್ತೀರಿ. ಇಲ್ಲೇ ಮನೆ ಮಾಡಿಕೊಂಡಿರುವ ನಾವು ಬಾಗಿಲು ಹಾಕಿಕೊಳ್ಳುತ್ತೇವೆ. ಜೂನ್ ತಿಂಗಳಲ್ಲಿ ಮುಚ್ಚಿದ ಕಿಟಕಿಗಳನ್ನು ಸೆಪ್ಟೆಂಬರ್ ಕಳೆಯುವವರೆಗೆ ಸರಿಯಾಗಿ ತೆರೆಯುವುದೇ ಇಲ್ಲ. ಮಕ್ಕಳ ಸಮವಸ್ತ್ರ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಒಣಗುತ್ತದೆ. ಚಪ್ಪಲಿಗೂ ಪುಸ್ತಕಕ್ಕೂ ಒಂದೇ ಬಗೆಯ ಬೂಷ್ಟು ಹಿಡಿಯುತ್ತದೆ. ಮನೆಯೊಳಗೆ ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಾ ಮೂರು ತಿಂಗಳು ಕಳೆಯುತ್ತೇವೆ.

ಈ ಮುಚ್ಚಿದ ಮನೆಯನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ. ನಾನು ಕೇಳಲಿರುವ ಪ್ರಶ್ನೆ ಇದರೊಳಗೇ ಹುಟ್ಟಿದ್ದು. ಒಬ್ಬ ಮನುಷ್ಯ ತನ್ನ ಸಂಪಾದನೆಯಿಂದ ಹೊಗೆಸೊಪ್ಪು ತಂದು, ತನ್ನ ಮನೆಯಲ್ಲಿ ತನ್ನ ಕುರ್ಚಿಯ ಮೇಲೆ ಕುಳಿತು ಸೇದುತ್ತಾನೆ. ಕೇಳಿದರೆ, "ಹಾನಿಯಾದರೆ ನನಗೆ ತಾನೇ?" ಎನ್ನುತ್ತಾನೆ. ಈ ಮಾತು ಸರಿಯೇ? ಹದಿನೊಂದು ವರ್ಷ ಈ ಮಾತನ್ನು ಆಡಿದವರಲ್ಲಿ ನಾನೂ ಒಬ್ಬನಾದ್ದರಿಂದ, ಇದನ್ನು ದೂರದಲ್ಲಿ ನಿಂತು ಬರೆಯುತ್ತಿಲ್ಲ.

ನನ್ನ ಅಜ್ಜ ಇಲ್ಲಿನ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ತೋಟ ಇಂಗ್ಲಿಷ್ ದೊರೆಯದು. ಸ್ವಾತಂತ್ರ್ಯ ಬಂದ ಕೆಲವು ವರ್ಷಗಳ ನಂತರ ದೊರೆ ತೋಟ ಮಾರಿ ತನ್ನ ಊರಿಗೆ ಹೊರಟಾಗ, ಲೆಕ್ಕದ ಪುಸ್ತಕ ಒಪ್ಪಿಸಲು ಹೋದ ಅಜ್ಜನ ಕೈಗೆ ಒಂದು ಪೈಪನ್ನೂ ಅರ್ಧ ತುಂಬಿದ ತಂಬಾಕಿನ ಡಬ್ಬಿಯನ್ನೂ ಕೊಟ್ಟರಂತೆ. ಬ್ರಯರ್ ಗಿಡದ ಬೇರಿನಿಂದ ಕೊರೆದ ಪೈಪು. ಬಟ್ಟಲಿನ ಅಂಚು ಆಗಲೇ ಕರಿಹಿಡಿದಿತ್ತು. ಮೂವತ್ತು ವರ್ಷ ದುಡಿದದ್ದಕ್ಕೆ ಸಿಕ್ಕ ಬಹುಮಾನವೆಂದು ಅಜ್ಜ ಅದನ್ನು ಭಾವಿಸಿದರು. ನಾನು ಇಂದು ಲೆಕ್ಕ ಹಾಕಿದರೆ ಅದು ಬಹಳ ಅಗ್ಗದ ಬಹುಮಾನ. ಆದರೆ ಅಜ್ಜನಿಗೆ ಹಾಗೆ ತೋರಲಿಲ್ಲ. ಅಸರ್ ನಮಾಝಿನ ನಂತರ ಜಗಲಿಯಲ್ಲಿ ಕುಳಿತು, ಬಟ್ಟಲಿಗೆ ಹೊಗೆಸೊಪ್ಪನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಎರಡು ಕಡ್ಡಿ ಗೀರಿ ಹಚ್ಚುತ್ತಿದ್ದರು. ಒಂದು ಪೈಪು ಮುಗಿಯಲು ಮುಕ್ಕಾಲು ಗಂಟೆ. ಆ ಹೊತ್ತಿನಲ್ಲಿ ಅವರ ಮುಂದೆ ಹಾದುಹೋಗುವವರು ಸ್ವಲ್ಪ ಬಗ್ಗಿ ನಡೆಯುತ್ತಿದ್ದರು.

ಲೈನ್ ಮನೆಗಳ ಆಳುಗಳು ಬೀಡಿ ಸೇದುತ್ತಿದ್ದರು. ಅಜ್ಜ ಅವರನ್ನು ಗದರಿಸುತ್ತಿದ್ದರು. "ನಾಚಿಕೆ ಇಲ್ಲವೇನೋ, ಮಕ್ಕಳ ಎದುರಿನಲ್ಲಿ ಹೊಗೆ ಬಿಡ್ತೀಯಲ್ಲ" ಎಂದು ಬಾಯಿಂದ ಪೈಪು ತೆಗೆದು ಹೇಳುತ್ತಿದ್ದರು! ಅವರನ್ನು ನಗೆಪಾಟಲು ಮಾಡಲು ಇದನ್ನು ಬರೆಯುತ್ತಿಲ್ಲ. ಅಜ್ಜ ಐದು ಹೊತ್ತಿನ ನಮಾಝ್ ಬಿಟ್ಟವರಲ್ಲ. ಆಳುಗಳ ಕೂಲಿಯಲ್ಲಿ ಒಂದು ಕಾಸನ್ನೂ ಮುರಿದುಕೊಂಡವರಲ್ಲ. ಆದರೆ ಬೀಡಿ ಒಂದು ಚಟ, ಪೈಪು ಒಂದು ಘನತೆ ಎಂಬುದು ಅವರ ಮನಸ್ಸಿನಲ್ಲಿ ಗಟ್ಟಿಯಾಗಿ ಕುಳಿತಿತ್ತು. ಎರಡರಲ್ಲೂ ಉರಿಯುವುದು ಒಂದೇ ಜಾತಿಯ ಗಿಡದ ಎಲೆ. ಒಂದನ್ನು ತೂಬರ ಎಲೆಯಲ್ಲಿ ಸುತ್ತುತ್ತಾರೆ, ಇನ್ನೊಂದನ್ನು ಮರದ ಬಟ್ಟಲಿನಲ್ಲಿ ತುಂಬುತ್ತಾರೆ. ಸೇದುವವನ ಅಂತಸ್ತನ್ನು ನೋಡಿ ಹೊಗೆಯ ಗುಣವನ್ನು ನಿರ್ಧರಿಸುವ ಅಭ್ಯಾಸ ನಮ್ಮಲ್ಲಿ ಇಂದಿಗೂ ಹೋಗಿಲ್ಲ.

ಆ ಹೊಗೆಸೊಪ್ಪಿನ ಬಗ್ಗೆ ಒಂದು ಮಾತು. ಇಂಗ್ಲಿಷರ ಹಳೆಯ ಪದ್ಧತಿಯ ಪೈಪ್ ತಂಬಾಕಿನಲ್ಲಿ ಸಿಹಿಯನ್ನೋ ಹಣ್ಣಿನ ಪರಿಮಳವನ್ನೋ ಬೆರೆಸುತ್ತಿರಲಿಲ್ಲ. ವರ್ಜೀನಿಯಾ ಎಲೆ, ತುರ್ಕಿ ಕಡೆಯ ಸಣ್ಣ ಎಲೆ, ಇವುಗಳ ಜೊತೆ ಲಟಾಕಿಯಾ ಎಂಬ ಕಪ್ಪು ಎಲೆ. ಹೆಸರನ್ನು ಗಮನಿಸಿದಿರಾ? ಲಟಾಕಿಯಾ ಇಂಗ್ಲೆಂಡಿನ ಊರಲ್ಲ. ಸಿರಿಯಾ ದೇಶದ ಬಂದರು ಪಟ್ಟಣ. ಅಲ್ಲಿನ ರೈತರು ಎಲೆಗಳನ್ನು ಮನೆಯ ಮಾಡಿಗೆ ನೇತುಹಾಕಿ, ಕೆಳಗೆ ಕಾಡು ಕಟ್ಟಿಗೆಯ ಹೊಗೆ ಹಾಕಿ, ಅವು ಕಪ್ಪಾಗುವವರೆಗೆ ಬಿಡುತ್ತಿದ್ದರು. ನಂತರದ ವರ್ಷಗಳಲ್ಲಿ ಇದನ್ನು ಹೆಚ್ಚಾಗಿ ಸೈಪ್ರಸ್ ದ್ವೀಪದಲ್ಲಿ ತಯಾರಿಸತೊಡಗಿದರು. ಅಂದರೆ ನಮ್ಮ ಅಜ್ಜ ದೊರೆಗಳ ಪರಿಮಳವೆಂದು ಎದೆಯುಬ್ಬಿಸಿ ಸೇದುತ್ತಿದ್ದುದು ಶಾಮ್ ದೇಶದ ಬಡ ರೈತನ ಅಟ್ಟದ ಹೊಗೆ. ಅದರ ವಾಸನೆಯೂ ಹಾಗೆಯೇ ಇತ್ತು: ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟದಿಂದ ಬರುತ್ತದಲ್ಲ, ಕಟ್ಟಿಗೆ, ತೊಗಲು, ಒಣಗಿದ ಹುಳಿ ಎಲ್ಲ ಸೇರಿದಂಥ ವಾಸನೆ. ನನಗೆ ಅದು ಅಜ್ಜನ ತೊಡೆಯ ಮೇಲೆ ಕುಳಿತ ನೆನಪು. ನಿಜ ಹೇಳಬೇಕೆಂದರೆ ಇಂದಿಗೂ ಎಲ್ಲಾದರೂ ಆ ವಾಸನೆ ಬಂದರೆ ನನ್ನ ಹೆಜ್ಜೆ ನಿಧಾನವಾಗುತ್ತದೆ.

ಇಲ್ಲಿ ಒಂದು ತೊಡಕಿದೆ. ಧೂಮಪಾನದ ವಿರುದ್ಧ ನಮ್ಮ ಮಸೀದಿಗಳಲ್ಲಿ ಬಹುಕಾಲದಿಂದ ಕೇಳಿಬರುತ್ತಿರುವ ವಾದ ದುರ್ವಾಸನೆಯದು. ಹಸಿ ಬೆಳ್ಳುಳ್ಳಿ, ಈರುಳ್ಳಿ ತಿಂದವರು ಮಸೀದಿಯಿಂದ ದೂರವಿರಬೇಕೆಂದು ಪ್ರವಾದಿಯವರು(ಸ) ಉಪದೇಶಿಸಿದ್ದನ್ನು ಮುಂದಿಟ್ಟು, ಬೀಡಿಯ ಬಾಯಿಯಲ್ಲಿ ಸಫ್‌ಗೆ ಬಂದು ನಿಲ್ಲಬಾರದೆಂದು ಹೇಳುತ್ತಾರೆ. ಒಳ್ಳೆಯ ಮಾತೇ. ಆದರೆ ವಾದ ಅಷ್ಟಕ್ಕೇ ನಿಂತರೆ ಪೈಪು ಸೇದುವವನು ತಪ್ಪಿಸಿಕೊಂಡುಬಿಡುತ್ತಾನೆ. "ನನ್ನ ತಂಬಾಕಿಗೆ ದುರ್ವಾಸನೆ ಎಲ್ಲಿದೆ? ಬಂದ ನೆಂಟರು ಯಾವ ಊದು ಹಚ್ಚಿದ್ದೀರೆಂದು ಕೇಳುತ್ತಾರೆ" ಎನ್ನುತ್ತಾನೆ. ನಾನೂ ಹಾಗೆ ಅಂದಿದ್ದೇನೆ. ಮೂಗಿಗೆ ಹಿತವಾದದ್ದು ಅಹಿತವನ್ನು ಮಾಡಲಾರದೆಂದು ನಂಬುವುದು ಎಷ್ಟು ಸುಲಭ! ಬೀಡಿ ಸೇದುವವನಿಗೆ ಹೆಂಡತಿ, ಮಕ್ಕಳು, ನೆರೆಹೊರೆ ಎಲ್ಲರೂ "ಹೊರಗೆ ಹೋಗು" ಎನ್ನುತ್ತಾರೆ. ಪೈಪಿನವನಿಗೆ ಯಾರೂ ಹೇಳುವುದಿಲ್ಲ. ಆದ್ದರಿಂದಲೇ ಅವನು ಒಳಗೆ ಕುಳಿತು ಸೇದುತ್ತಾನೆ. ಒಳ್ಳೆಯ ವಾಸನೆ ಇಲ್ಲಿ ರಕ್ಷಣೆಯಾಗಲಿಲ್ಲ, ಮುಸುಕಾಯಿತು.

ಈ ಎಲೆ ನಮ್ಮ ನಾಡಿಗೆ ಬಂದ ಬಗೆಯನ್ನು ನೋಡಿದರೆ ಇದೇ ಪ್ರಶ್ನೆ ನಾಲ್ಕು ನೂರು ವರ್ಷಗಳ ಹಿಂದೆಯೇ ಎದ್ದಿತ್ತೆಂದು ತಿಳಿಯುತ್ತದೆ. ಅದೂ ನಮ್ಮ ಕರ್ನಾಟಕದ ಬಿಜಾಪುರದ ನೆಪದಲ್ಲಿ. ಅಕ್ಬರನ ಆಸ್ಥಾನದ ಅಸದ್ ಬೇಗ್ ಎಂಬಾತ ರಾಜಕುಮಾರ ದಾನಿಯಾಲನ ವಿವಾಹದ ಸಂಬಂಧ ಇಬ್ರಾಹೀಮ್ ಆದಿಲ್ ಶಾಹನ ಬಿಜಾಪುರಕ್ಕೆ ಹೋಗಿದ್ದ. ಅಲ್ಲಿ ಅವನು ಮೊದಲ ಬಾರಿಗೆ ತಂಬಾಕನ್ನು ಕಂಡ. ಪೋರ್ಚುಗೀಸರ ಮೂಲಕ ಅದು ಆಗಲೇ ದಖ್ಖನಿಗೆ ಬಂದಿತ್ತು. ಒಂದಿಷ್ಟು ಎಲೆಯನ್ನೂ ಒಂದು ಸುಂದರ ಚುಂಗಾಣಿಯನ್ನೂ ಆಗ್ರಾಕ್ಕೆ ಒಯ್ದ. ಅದರ ನಳಿಗೆ ಅಚೆ ದೇಶದ್ದು, ತುದಿಗಳಿಗೆ ರತ್ನ ಕೂರಿಸಿದ್ದು, ಬಾಯಿಗಿಡುವ ಭಾಗ ಯಮನಿನ ಅಕೀಕ್ ಕಲ್ಲು, ಕೆಂಡದ ಬಟ್ಟಲು ಚಿನ್ನದ್ದು. ಎಲೆಯನ್ನು ಆದಿಲ್ ಶಾಹನೇ ಕೊಟ್ಟಿದ್ದ ವೀಳ್ಯದ ಚೀಲದಲ್ಲಿ ತುಂಬಿದ್ದ. 1605ರಲ್ಲಿ ತೀರಿಹೋದ ಅಕ್ಬರನ ಕಡೆಯ ದಿನಗಳವು. ಬೆಳ್ಳಿಯ ತಟ್ಟೆಯಲ್ಲಿಟ್ಟು ಇದನ್ನು ಬಾದಶಹನ ಮುಂದೆ ಹಿಡಿದದ್ದನ್ನು ಅಸದ್ ಬೇಗ್ ತಾನೇ ಬರೆದಿಟ್ಟಿದ್ದಾನೆ.

ಅಕ್ಬರ್ ಎರಡು ಮೂರು ಸಲ ಎಳೆದ. ಕೂಡಲೇ ಹಕೀಮರು ತಡೆದರು. ಇದು ನಮ್ಮ ವೈದ್ಯ ಗ್ರಂಥಗಳಲ್ಲಿಲ್ಲ, ಗುಣಾವಗುಣಗಳನ್ನು ಯಾರೂ ಪರೀಕ್ಷಿಸಿಲ್ಲ, ಫರಂಗಿಯರು ಮಾಡುತ್ತಾರೆಂದು ನಾವೇಕೆ ಮಾಡಬೇಕು ಎಂದು ಅವರ ವಾದ. ಅದಕ್ಕೆ ಅಸದ್ ಬೇಗ್ ಕೊಟ್ಟ ಉತ್ತರದ ತಾತ್ಪರ್ಯ ಹೀಗಿದೆ: ಲೋಕದ ಪ್ರತಿಯೊಂದು ಪದ್ಧತಿಯೂ ಒಂದು ಕಾಲದಲ್ಲಿ ಹೊಸದೇ ಆಗಿತ್ತು. ಹೊಸದೆಂಬ ಕಾರಣಕ್ಕೆ ತಿರಸ್ಕರಿಸಬಾರದು. ಬಾದಶಹನಿಗೆ ಈ ಉತ್ತರ ಹಿಡಿಸಿತು. ಆದರೂ ತಾನು ಸೇದುವ ಅಭ್ಯಾಸ ಮಾಡಿಕೊಳ್ಳಲಿಲ್ಲ. ಸರದಾರರು ಮಾತ್ರ ಮುಗಿಬಿದ್ದರು, ವ್ಯಾಪಾರಿಗಳು ಮಾರತೊಡಗಿದರು. 1617ರಲ್ಲಿ ಜಹಾಂಗೀರ್ ತಂಬಾಕನ್ನು ನಿಷೇಧಿಸುವ ಹೊತ್ತಿಗೆ ಅದು ಕೈಮೀರಿ ಹೋಗಿತ್ತು. (ಮದ್ಯ ಮತ್ತು ಅಫೀಮಿನ ದಾಸನಾಗಿದ್ದುದನ್ನು ತನ್ನ ಆತ್ಮಕಥೆಯಲ್ಲಿ ತಾನೇ ಒಪ್ಪಿಕೊಂಡ ದೊರೆ ಜನರ ತಂಬಾಕನ್ನು ನಿಷೇಧಿಸಿದರೆ ಯಾರು ಕೇಳುತ್ತಾರೆ?)

ಈ ಚರ್ಚೆಯಲ್ಲಿ ಯಾರು ಸರಿ? ಇಂದಿನವರು ಥಟ್ಟನೆ ಹಕೀಮರು ಸರಿ ಎಂದುಬಿಡುತ್ತೇವೆ. ಸ್ವಲ್ಪ ತಾಳಿ. ನೀವು ಕುಳಿತಿರುವುದು ಕಾಫಿಯ ನಾಡಿನಲ್ಲಿ. ಬಾಬಾ ಬುಡನ್ ಹಝ್ರತರು ಯಮನಿನಿಂದ ಏಳು ಕಾಫಿ ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂದು ನಾವೆಲ್ಲ ಕೇಳಿ ಬೆಳೆದಿದ್ದೇವೆ. ಅದು ಹದಿನೇಳನೇ ಶತಮಾನದ ಮಾತು ಎನ್ನುತ್ತಾರೆ. ಅಂದರೆ ತಂಬಾಕು ಮತ್ತು ಕಾಫಿ ನಮ್ಮ ಮಣ್ಣಿಗೆ ಬಂದದ್ದು ಒಂದೇ ಶತಮಾನದ ಆಚೀಚೆ. ಕಾಫಿಗೂ ಇದೇ ವಿಚಾರಣೆ ನಡೆದಿತ್ತು. 1511ರಲ್ಲಿ ಮಕ್ಕಾದ ಅಧಿಕಾರಿ ಖಾಇರ್ ಬೇಗ್ ವಿದ್ವಾಂಸರನ್ನೂ ವೈದ್ಯರನ್ನೂ ಸೇರಿಸಿ ಕಾಫಿಯನ್ನು ನಿಷೇಧಿಸಿದ. ಬೀದಿಯಲ್ಲಿ ಕಾಫಿ ಸುಡಲಾಯಿತು. ಕೈರೋದ ಸುಲ್ತಾನನಿಂದ ಬೇರೆ ಆಜ್ಞೆ ಬಂದು ಆ ನಿಷೇಧ ಸಡಿಲವಾಯಿತು. ಅಂದು ಕಾಫಿಯ ಪರವಾಗಿ ಆಡಿದ ಮಾತೂ ಅಸದ್ ಬೇಗನ ಮಾತೂ ಒಂದೇ ದಾರಿಯವು. ಹೊಸದನ್ನೆಲ್ಲ ತಿರಸ್ಕರಿಸಬೇಕಾಗಿದ್ದರೆ ಇಂದು ಕೊಟ್ಟಿಗೆಹಾರದಲ್ಲಿ ಯಾರಿಗೂ ಅನ್ನ ಇರುತ್ತಿರಲಿಲ್ಲ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಅಸದ್ ಬೇಗ್ ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅವನು ಹೇಳದೆ ಬಿಟ್ಟದ್ದರಲ್ಲಿ ತಪ್ಪಿತ್ತು. ಹೊಸದೆಂದು ತಿರಸ್ಕರಿಸಬಾರದು, ಹೌದು. ಆದರೆ ಪರೀಕ್ಷೆ ಆಗಲಿ ಎಂದ ಹಕೀಮರ ಮಾತನ್ನು ಯಾರೂ ಕಾಯಲಿಲ್ಲ. ಆ ಪರೀಕ್ಷೆ ಮುಗಿಯಲು ಮುನ್ನೂರೈವತ್ತು ವರ್ಷ ಬೇಕಾಯಿತು. ಪರೀಕ್ಷೆಗೆ ಒಳಗಾದವರು ನಮ್ಮ ಅಜ್ಜಂದಿರು.

ನಡುವಿನ ಕಾಲದಲ್ಲಿ ಉಲಮಾಗಳು ಏನು ಹೇಳಿದರು? ಅವರಲ್ಲಿ ಒಮ್ಮತವಿರಲಿಲ್ಲ. ಕೈರೋದ ಇಬ್ರಾಹೀಮ್ ಅಲ್ಲಕಾನೀ ತಂಬಾಕಿನ ವಿರುದ್ಧ ಬರೆದರು. ಅದೇ ನಗರದ, ಅದೇ ಮಾಲಿಕೀ ಮದ್‌ಹಬಿನ ಅಲೀ ಅಲ್ ಉಜ್‌ಹೂರೀ ಪರವಾಗಿ ಬರೆದರು. ಇಸ್ತಾಂಬೂಲಿನಲ್ಲಿ ನಾಲ್ಕನೇ ಮುರಾದ್ ಸುಲ್ತಾನ 1633ರಲ್ಲಿ ತಂಬಾಕನ್ನು ನಿಷೇಧಿಸಿ ಸೇದುವವರ ತಲೆ ತೆಗೆಸಿದ. ನಿಷೇಧ ಬಿಗಿಯಾದಷ್ಟೂ ಸೇದುವವರು ಹೆಚ್ಚಿದರೆಂಬುದನ್ನು ಅಲ್ಲಿನ ವಿದ್ವಾಂಸ ಕಾತಿಬ್ ಚೆಲೆಬಿ ತನ್ನ 1656ರ ಗ್ರಂಥದಲ್ಲಿ ದಾಖಲಿಸಿದ್ದಾರೆ. ದಮಾಸ್ಕಸಿನ ಅಬ್ದುಲ್ ಗನೀ ಅನ್ನಾಬುಲುಸೀ ತಂಬಾಕು ಅನುವದನೀಯವೆಂದೇ ಪುಸ್ತಕ ಬರೆದರು. ಅಮಲೇರಿಸುವುದಿಲ್ಲ, ಎಲ್ಲರಿಗೂ ಹಾನಿ ಮಾಡುತ್ತದೆಂದು ಸಿದ್ಧವಾಗಿಲ್ಲ, ಸ್ಪಷ್ಟ ನಿಷೇಧವಿಲ್ಲದ್ದನ್ನು ಹರಾಮ್ ಎನ್ನುವ ಅಧಿಕಾರ ನಮಗಿಲ್ಲ ಎಂಬುದು ಅಂಥವರ ನಿಲುವು. ಅವರ ಕಾಲಕ್ಕೆ ಅದು ಪ್ರಾಮಾಣಿಕವಾದ ನಿಲುವು. ಅಲ್ಲಾಹನು ನಿಷೇಧಿಸದ್ದನ್ನು ನಿಷೇಧಿಸಲು ಹೆದರುವುದೂ ಒಂದು ಭಯಭಕ್ತಿಯೇ.

ನಮ್ಮಲ್ಲಿ ಅನೇಕರು ಆ ತೀರ್ಪನ್ನು ಮಾತ್ರ ಹಿಡಿದುಕೊಂಡು ಕಾರಣವನ್ನು ಕೈಬಿಟ್ಟಿದ್ದೇವೆ. "ಮಕ್ರೂಹ್ ಅಷ್ಟೇ ಅಲ್ಲವೇ ಉಸ್ತಾದರೇ?" ಎಂದು ಕೇಳಿ ಸಮಾಧಾನದ ಉಸಿರು ಬಿಡುತ್ತೇವೆ. ಮಕ್ರೂಹ್ ಎಂದರೆ ಅಲ್ಲಾಹನಿಗೆ ಅಪ್ರಿಯವಾದದ್ದು. ಅದನ್ನು 'ಅಷ್ಟೇ' ಎನ್ನುವ ಧೈರ್ಯ ನಮಗೆಲ್ಲಿಂದ ಬಂತೋ! ಅದಿರಲಿ. ಹಾನಿ ಸಿದ್ಧವಾಗಿಲ್ಲ ಎಂಬ ಕಾರಣಕ್ಕೆ ಅನುಮತಿಸಿದವರ ಮುಂದೆ ಹಾನಿಯನ್ನು ಸಿದ್ಧಪಡಿಸಿ ಇಟ್ಟಿದ್ದರೆ ಅವರು ಏನು ಹೇಳುತ್ತಿದ್ದರು? 1950ರಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಎಂಬ ಇಬ್ಬರು ಇಂಗ್ಲಿಷ್ ವಿಜ್ಞಾನಿಗಳು ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ಸಂಬಂಧವನ್ನು ತೋರಿಸಿದರು. ಹತ್ತು ವರ್ಷಗಳ ನಂತರ, 1960ರಲ್ಲಿ, ಯೂಸುಫ್ ಅಲ್ ಕರ್ದಾವೀ ತಮ್ಮ ಹಲಾಲ್-ಹರಾಮ್ ಗ್ರಂಥದಲ್ಲಿ ಹಾನಿ ಖಚಿತವಾದ ಮೇಲೆ ತಂಬಾಕು ನಿಷಿದ್ಧವೇ ಆಗುತ್ತದೆಂಬ ಅರ್ಥದಲ್ಲಿ ಬರೆದರು. ಹಳಬರ ಸೂತ್ರ ಬದಲಾಗಲಿಲ್ಲ, ಅದಕ್ಕೆ ಹಾಕಿದ ಅಂಕಿ ಬದಲಾಯಿತು. ಹಿರಿಯ ವಿದ್ವಾಂಸರಿಗೆ ನಾವು ನಿಷ್ಠರಾಗುವುದು ಅವರ ತೀರ್ಪಿನ ಮರೆಯಲ್ಲಿ ಅಡಗಿಕೊಂಡಲ್ಲ, ಅವರು ಆಲೋಚಿಸಿದಂತೆ ಆಲೋಚಿಸುವುದರಿಂದ.

ಪೈಪು ಸೇದುವವನು ಇಲ್ಲಿಯೂ ಒಂದು ಸಂದಿ ಹುಡುಕುತ್ತಾನೆ. "ಅದು ಸಿಗರೇಟಿನ ಮಾತು. ಪೈಪಿನ ಹೊಗೆಯನ್ನು ನಾವು ಎದೆಗೆ ಎಳೆದುಕೊಳ್ಳುವುದಿಲ್ಲ, ಬಾಯಲ್ಲಿಟ್ಟು ಬಿಡುತ್ತೇವೆ." ನ್ಯಾಯವಾಗಿ ಹೇಳಬೇಕೆಂದರೆ ಈ ಮಾತಿಗೆ ಒಂದು ಕಾಲದಲ್ಲಿ ಆಧಾರವೂ ಇತ್ತು. ಅಮೆರಿಕದ ಸರ್ಕಾರ 1964ರಲ್ಲಿ ಪ್ರಕಟಿಸಿದ ಹೆಸರಾಂತ ವರದಿಯಲ್ಲಿ ಪೈಪು ಸೇದುವವರ ಸಾವಿನ ಪ್ರಮಾಣ ಸೇದದವರಿಗಿಂತ ಬಹಳ ಹೆಚ್ಚೇನೂ ಕಾಣಲಿಲ್ಲ. ಪೈಪಿಗೆ ಬಂದ ಒಳ್ಳೆಯ ಹೆಸರಿನ ಮೂಲ ಇಲ್ಲಿದೆ. ಆದರೆ ತುಟಿಯ ಕ್ಯಾನ್ಸರಿಗೂ ಪೈಪಿಗೂ ಇರುವ ಸಂಬಂಧವನ್ನು ಹೇಳಿದ್ದೂ ಅದೇ ವರದಿ. ಆ ಸಾಲನ್ನು ಯಾವ ಪೈಪಿನವನೂ ನೆನಪಿಟ್ಟುಕೊಂಡಂತೆ ಕಾಣೆ. 2004ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿಯವರು ಒಂದು ಲಕ್ಷಕ್ಕೂ ಹೆಚ್ಚು ಗಂಡಸರ ಲೆಕ್ಕ ತೆಗೆದು ಪ್ರಕಟಿಸಿದಾಗ, ಪೈಪನ್ನು ಮಾತ್ರ ಸೇದುವವರಲ್ಲೂ ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ, ಶ್ವಾಸಕೋಶಗಳ ಕ್ಯಾನ್ಸರ್ ಸೇದದವರಿಗಿಂತ ಸ್ಪಷ್ಟವಾಗಿ ಹೆಚ್ಚಿರುವುದು ಕಂಡುಬಂತು. ನಿಕೋಟಿನ್‌ಗೆ ಎದೆಯ ದಾರಿಯೇ ಬೇಕೆಂದಿಲ್ಲ, ಬಾಯಿಯ ತೆಳುಚರ್ಮದ ಮೂಲಕವೂ ರಕ್ತಕ್ಕೆ ಇಳಿಯುತ್ತದೆ. ಇನ್ನು, ಸೇದುವವನು ಎದೆಗೆಳೆಯದೆ ಬಿಟ್ಟ ಹೊಗೆ ಎಲ್ಲಿಗೆ ಹೋಗುತ್ತದೆ? ಮುಚ್ಚಿದ ಕೋಣೆಯಲ್ಲಿ ಇನ್ನಾರದೋ ಎದೆಗೆ ಹೋಗುತ್ತದೆ.

ಅಜ್ಜ 1986ರಲ್ಲಿ ತೀರಿಕೊಂಡರು. ಕೊನೆಯ ವರ್ಷ ಅವರ ಸ್ವರ ಹೋಗಿತ್ತು. ಬಾಂಗ್ ಕೊಡುವಾಗ ಗುಡ್ಡದಾಚೆಗೆ ಕೇಳುತ್ತಿದ್ದ ಸ್ವರ. ಪೈಪಿನಿಂದಲೇ ಹೋಯಿತೆಂದು ನಾನು ಆಣೆ ಮಾಡಿ ಹೇಳಲಾರೆ, ಆಗ ಯಾರೂ ಪರೀಕ್ಷೆ ಮಾಡಿಸಲಿಲ್ಲ. ಅವರು ತಿಳಿಯದೆ ಸೇದಿದರು, ಅಲ್ಲಾಹನು ಅವರನ್ನು ಕ್ಷಮಿಸಲಿ. ಅವರ ಪೈಪನ್ನು ನಾನು ತೆಗೆದುಕೊಂಡೆ. ನಾನು ತಿಳಿಯದವನಾಗಿರಲಿಲ್ಲ. ಕಾಲೇಜು ಮೆಟ್ಟಿಲು ಹತ್ತಿದವನು, ಪತ್ರಿಕೆ ಓದುವವನು. ಅಜ್ಜನಿಗೂ ನನಗೂ ಇರುವ ದೊಡ್ಡ ವ್ಯತ್ಯಾಸ ಅದೇ. ಒಂದೇ ಪೈಪು, ಒಂದೇ ಹೊಗೆಸೊಪ್ಪು, ಒಂದೇ ಜಗಲಿ. ಕರ್ಮ ಮಾತ್ರ ಒಂದೇ ಅಲ್ಲ. ತಿಳಿವಳಿಕೆ ಬಂದ ಮೇಲೆ ಅದೇ ಕೆಲಸದ ಹೆಸರು ಬೇರೆಯಾಗುತ್ತದೆ.

ದುಬೈಯಲ್ಲಿದ್ದ ನನ್ನ ಭಾವ ವರ್ಷಕ್ಕೊಮ್ಮೆ ಬರುವಾಗ ಇಂಗ್ಲಿಷ್ ತಂಬಾಕಿನ ನಾಲ್ಕು ಡಬ್ಬಿ ತರುತ್ತಿದ್ದರು. ಉಮ್ಮನಿಗೆ ಕಂಬಳಿ, ಮಕ್ಕಳಿಗೆ ಚಾಕಲೇಟು, ನನಗೆ ಡಬ್ಬಿ. ಕಡು ಕಪ್ಪಿನ, ತೀಕ್ಷ್ಣವಾದ ಹೊಗೆಸೊಪ್ಪು. ಬೇಸಿಗೆಯಲ್ಲಿ ಅಂಗಳದಲ್ಲಿ ಕುಳಿತು ಸೇದುತ್ತಿದ್ದೆ. ಮಳೆ ಹಿಡಿದ ಮೇಲೆ ಒಳಗಿನ ಚಾವಡಿಯಲ್ಲಿ. ಅಲ್ಲಿಂದ ಮಕ್ಕಳು ಮಲಗುವ ಕೋಣೆಗೆ ಒಂದು ಪರದೆಯ ಅಂತರ.

1997ರ ಮಳೆಗಾಲದಲ್ಲಿ ನನ್ನ ಕಿರಿಯ ಮಗಳಿಗೆ ಉಬ್ಬಸ ಹೆಚ್ಚಾಯಿತು. ಆಗ ಆರು ವರ್ಷ. ರಾತ್ರಿ ಎದ್ದು ಕುಳಿತು, ಎರಡೂ ಕೈಗಳನ್ನು ಚಾಪೆಗೆ ಊರಿ, ಉಸಿರಿಗಾಗಿ ಭುಜ ಏರಿಸುವ ಮಗುವನ್ನು ನೋಡಿದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಬೆಳಿಗ್ಗೆ ಮೂಡಿಗೆರೆಗೆ ಒಯ್ದೆವು. ಡಾಕ್ಟರು ಎದೆ ಪರೀಕ್ಷಿಸಿ, ಔಷಧಿ ಬರೆದು, ಪೆನ್ನಿನ ಮುಚ್ಚಳ ಹಾಕುತ್ತಾ ಕೇಳಿದರು: "ಮನೇಲಿ ಯಾರಾದ್ರೂ ಬೀಡಿ ಸಿಗರೇಟು ಸೇದ್ತಾರಾ?"

ನನ್ನ ಪತ್ನಿ, "ಇಲ್ಲ ಡಾಕ್ಟ್ರೇ, ನಮ್ಮಲ್ಲಿ ಬೀಡಿ ಸಿಗರೇಟು ಯಾರೂ ಮುಟ್ಟುವುದಿಲ್ಲ" ಎಂದಳು.

ಓದುಗರೇ, ಆ ವಾಕ್ಯದಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ನಮ್ಮ ಮನೆಯಲ್ಲಿ ಬೀಡಿ ಇರಲಿಲ್ಲ, ಸಿಗರೇಟೂ ಇರಲಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ. ಕೋಟಿನ ಜೇಬಿನಲ್ಲಿ ಪೈಪು ಇತ್ತು. ಡಾಕ್ಟರು ನನ್ನ ಮುಖ ನೋಡಿದರು. ಹೇಳಲು ಬೇಕಾದಷ್ಟು ಸಮಯ ಇತ್ತು. ನಾನು ಹೇಳಲಿಲ್ಲ. ಅವರು ಮುಂದಿನ ರೋಗಿಯನ್ನು ಕರೆದರು.

ಬಸ್ಸಿನಲ್ಲಿ ಮಗಳು ತಾಯಿಯ ತೊಡೆಯ ಮೇಲೆ ನಿದ್ರಿಸಿದ ನಂತರ ನಾನು ಮೆಲ್ಲಗೆ, "ಹಾಗೇಕೆ ಹೇಳಿದೆ?" ಎಂದು ಕೇಳಿದೆ. ಅವಳು ಕಿಟಕಿಯ ಕಡೆ ನೋಡುತ್ತಾ, "ಅವರು ಕೇಳಿದ್ದಕ್ಕೆ ನಾನು ಉತ್ತರ ಕೊಟ್ಟೆ. ಅವರು ಕೇಳದೆ ಇದ್ದದ್ದನ್ನು ನೀವು ಹೇಳಬಹುದಿತ್ತಲ್ಲ" ಎಂದಳು. ಸ್ವಲ್ಪ ಹೊತ್ತಿನ ನಂತರ ಮತ್ತೆ, "ನಾಲ್ಕು ಜನರ ಎದುರು ನಿಮ್ಮ ಮರ್ಯಾದೆ ತೆಗೆಯಲು ನನಗೆ ಆಗುವುದಿಲ್ಲ" ಎಂದಳು.

"ಹಾನಿಯಾದರೆ ನನಗೆ ತಾನೇ" ಎನ್ನುತ್ತಿದ್ದೆನಲ್ಲ, ಆ ದಿನ ಲೆಕ್ಕ ಹಾಕಿ ನೋಡಿದೆ. ಸೇದಿದವನು ನಾನು. ಉಸಿರುಗಟ್ಟಿದ್ದು ಮಗಳಿಗೆ. ಸತ್ಯವನ್ನು ಮರೆಮಾಚಬೇಕಾಗಿ ಬಂದದ್ದು ಪತ್ನಿಗೆ. ಸರಿಯಾದ ಮಾಹಿತಿ ಇಲ್ಲದೆ ಚಿಕಿತ್ಸೆ ಮಾಡಬೇಕಾದದ್ದು ಡಾಕ್ಟರಿಗೆ. ನನ್ನ ಪಾಲಿಗೆ ಬಂದದ್ದು ಮುಕ್ಕಾಲು ಗಂಟೆಯ ಸುಖ ಮಾತ್ರ.

"ಉಬ್ಬಸಕ್ಕೆ ನಿಮ್ಮ ಪೈಪೇ ಕಾರಣವೆಂದು ಹೇಗೆ ಹೇಳುತ್ತೀರಿ?" ಎಂದು ನೀವು ಕೇಳಬಹುದು. ನಾನೂ ಅದನ್ನೇ ಕೇಳಿಕೊಂಡೆ, ಮತ್ತು ಆ ಪ್ರಶ್ನೆಯ ಆಶ್ರಯದಲ್ಲಿ ಮತ್ತೆರಡು ವಾರ ಸೇದಿದೆ. ಗೋಡೆಯ ಬೂಷ್ಟು ಇತ್ತು. ಕಟ್ಟಿಗೆ ಒಲೆಯ ಹೊಗೆ ಇತ್ತು. ಥಂಡಿ ಇತ್ತು. ನನ್ನ ಪತ್ನಿಯ ತಂದೆಗೂ ಉಬ್ಬಸವಿತ್ತು. ಇವುಗಳಲ್ಲಿ ಪೈಪಿನ ಪಾಲೆಷ್ಟೆಂದು ಯಾವ ವೈದ್ಯರೂ ತಕ್ಕಡಿಯಲ್ಲಿ ತೂಗಿ ಕೊಡಲಾರರು. ಆದರೆ ಮಳೆಯನ್ನು ನಿಲ್ಲಿಸುವುದು ನನ್ನ ಕೈಯಲ್ಲಿರಲಿಲ್ಲ. ಒಲೆಯನ್ನು ಆರಿಸುವಂತಿರಲಿಲ್ಲ. ವಂಶವನ್ನು ಬದಲಿಸುವಂತಿರಲಿಲ್ಲ. ಇವೆಲ್ಲದರ ನಡುವೆ ನನ್ನ ಎರಡು ಬೆರಳುಗಳಿಗೆ ನಿಲುಕುವಂತಿದ್ದದ್ದು ಒಂದೇ. ಸಂಶಯ ಇರುವುದನ್ನು ಬಿಟ್ಟು ಸಂಶಯವಿಲ್ಲದ್ದನ್ನು ಹಿಡಿಯಬೇಕೆಂಬ ಪ್ರವಾದಿ(ಸ) ಬೋಧನೆಯನ್ನು ನಾವು ಮಾಂಸದ ಅಂಗಡಿಯಲ್ಲಿ ಎಷ್ಟು ಚೆನ್ನಾಗಿ ನೆನಪಿಡುತ್ತೇವೆ! ಕೊಯ್ದವರು ಯಾರು, ಬಿಸ್ಮಿ ಹೇಳಿದರೇ ಎಂದು ಮೂರು ಸಲ ವಿಚಾರಿಸುತ್ತೇವೆ. ಮಗುವಿನ ಉಸಿರಿನ ವಿಷಯದಲ್ಲಿ ಮಾತ್ರ ಸಂಶಯದ ಲಾಭವನ್ನು ನಮಗೇ ಕೊಟ್ಟುಕೊಳ್ಳುತ್ತೇವೆ.

ಅಂದು ನನಗೆ ಇನ್ನೊಂದು ಹದೀಸಿನ ಅರ್ಥವೂ ಬೇರೆಯಾಗಿ ಕಂಡಿತು. ಒಳ್ಳೆಯ ಜೊತೆಗಾರನನ್ನು ಕಸ್ತೂರಿ ಮಾರುವವನಿಗೂ ಕೆಟ್ಟ ಜೊತೆಗಾರನನ್ನು ತಿದಿ ಊದುವ ಕಮ್ಮಾರನಿಗೂ ಪ್ರವಾದಿಯವರು(ಸ) ಹೋಲಿಸಿದ್ದಾರೆ. ಒಬ್ಬನ ಬಳಿ ಕುಳಿತರೆ ಕೊಳ್ಳದಿದ್ದರೂ ಪರಿಮಳ ಸಿಗುತ್ತದೆ, ಇನ್ನೊಬ್ಬನ ಬಳಿ ಬಟ್ಟೆ ಸುಡುತ್ತದೆ ಇಲ್ಲವೇ ಹೊಗೆ ತಾಗುತ್ತದೆ. ಬಾಲ್ಯದಿಂದ ಇದನ್ನು ಗೆಳೆಯರನ್ನು ಆರಿಸಿಕೊಳ್ಳುವ ಪಾಠವೆಂದೇ ಕೇಳಿದ್ದೆ. ಆರಿಸಿಕೊಳ್ಳುವ ಅವಕಾಶವೇ ಇಲ್ಲದವರ ಗತಿ ಏನು? ಮಕ್ಕಳು ತಂದೆಯನ್ನು ಆರಿಸಿಕೊಳ್ಳುವುದಿಲ್ಲ. ಮಳೆಗಾಲದ ಕೊಟ್ಟಿಗೆಹಾರದಲ್ಲಿ ಅವರು ಎದ್ದು ಹೊರಗೆ ಹೋಗುವಂತೆಯೂ ಇಲ್ಲ. ನಾನು ಕಸ್ತೂರಿಯವನೆಂದು ತಿಳಿದು ತಿದಿ ಊದುತ್ತಿದ್ದೆ.

ದೇಹ ನನ್ನದು, ಹಣ ನನ್ನದು ಎಂಬ ಮಾತಿಗೂ ಬರೋಣ. ಆಯುಷ್ಯವನ್ನು ಹೇಗೆ ಕಳೆದೆ, ಸಂಪತ್ತನ್ನು ಎಲ್ಲಿಂದ ಗಳಿಸಿ ಎಲ್ಲಿ ಖರ್ಚು ಮಾಡಿದೆ, ಶರೀರವನ್ನು ಯಾವುದರಲ್ಲಿ ಸವೆಸಿದೆ ಎಂದು ಅಂತಿಮ ದಿನ ವಿಚಾರಣೆಯಾಗುವುದೆಂದು ನಾವು ನಂಬಿದವರು. ನನ್ನದೇ ವಸ್ತುವಾಗಿದ್ದರೆ ಲೆಕ್ಕ ಕೇಳುವುದೇಕೆ? 'ನನ್ನದು' ಎಂಬ ಮಾತನ್ನು ರೈಟರನೊಬ್ಬ ತೋಟದ ನಗದು ಪೆಟ್ಟಿಗೆಯ ಬಗ್ಗೆ ಆಡಿದರೆ ಮರುದಿನ ಅವನು ಕೆಲಸದಲ್ಲಿರುವುದಿಲ್ಲ. ಇದನ್ನು ಅಜ್ಜನೇ ನನಗೆ ಕಲಿಸಿದ್ದು, ನಗದು ಪೆಟ್ಟಿಗೆಯ ವಿಷಯದಲ್ಲಿ.

ಇದನ್ನು ಬರೆಯುವಾಗ ಇನ್ನೊಂದು ಮುಜುಗರವೂ ಇದೆ, ಮುಚ್ಚಿಡುವುದಿಲ್ಲ. ಘಾಟಿಯ ಕೆಳಗೆ ಬೆಳ್ತಂಗಡಿ, ಬಂಟ್ವಾಳದ ಕಡೆ ನಮ್ಮ ಎಷ್ಟೋ ಕುಟುಂಬಗಳು ಬೀಡಿಯ ಸೂಪಿನಿಂದ ಬದುಕಿವೆ. ನನ್ನ ಉಮ್ಮನೂ ಮದುವೆಗೆ ಮೊದಲು ಬೀಡಿ ಕಟ್ಟಿದವರೇ. ಆ ಹೆಂಗಸರು ಬಾಗಿದ ಬೆನ್ನಿನಿಂದ, ಹೊಗೆಸೊಪ್ಪಿನ ಧೂಳು ಕುಡಿಯುತ್ತಾ, ಸಾವಿರ ಬೀಡಿಗೆ ಇಷ್ಟೆಂದು ಸಿಕ್ಕಿದ್ದರಲ್ಲಿ ಮಕ್ಕಳನ್ನು ಓದಿಸಿದರು, ಹೆಣ್ಣುಮಕ್ಕಳ ಕಿವಿಗೆ ಚಿನ್ನ ಮಾಡಿಸಿದರು. ಅವರಿಗೆ ಯಾರೂ ಬೇರೆ ಕೆಲಸ ಕೊಡಲಿಲ್ಲ. ಸೇದಿ ಸುಖಪಟ್ಟ ನಾನು ಕಟ್ಟಿ ಸವೆದ ಅವರಿಗೆ ಉಪದೇಶ ಮಾಡಲು ಅರ್ಹನಲ್ಲ. ಧೂಮಪಾನದ ವಿರುದ್ಧ ಭಾಷಣ ಮಾಡುವವರು ಆ ಮಡಿಲುಗಳಿಗೆ ಬದಲಿ ಕೆಲಸದ ಮಾತನ್ನೂ ಆಡಬೇಕು. ಇದು ಬೇರೆಯೇ ಒಂದು ಲೇಖನದ ವಿಷಯ.

ನಾನು ಒಂದೇ ದಿನದಲ್ಲಿ ಬಿಟ್ಟೆನೆಂದು ಹೇಳಿಕೊಂಡರೆ ಸುಳ್ಳಾಗುತ್ತದೆ. ಮೊದಲು ಕೊಟ್ಟಿಗೆಗೆ ಹೋಗಿ ಸೇದಿದೆ. ದನಗಳೂ ಕೆಮ್ಮುತ್ತವೆಂದು ಪತ್ನಿ ಹೇಳಿದಳು. ಅಲ್ಲಿಂದ ಕಾಫಿ ಗೋದಾಮಿನ ಮಾಡಿನ ಕೆಳಗೆ ನಿಂತು ಸೇದಿದೆ. ಛತ್ರಿ ಹಿಡಿದು ಒಂದು ಕೈಯಲ್ಲಿ ಪೈಪು ಹಚ್ಚುವುದು ಎಂಥ ಅವಸ್ಥೆಯೆಂದು ಹಚ್ಚಿದವನಿಗೇ ಗೊತ್ತು. ಕಾಲಿಗೆ ಉಂಬಳ ಹತ್ತುತ್ತಿತ್ತು. ಒಂದು ದಿನ ಹಾಗೆ ನಿಂತಿದ್ದಾಗ ಲೈನ್ ಮನೆಯ ಒಬ್ಬ ಮುದುಕ, ಅಜ್ಜನಿಂದ ಬೈಸಿಕೊಂಡವರಲ್ಲಿ ಒಬ್ಬ, ಕಂಬಳಿ ಕೊಪ್ಪೆಯೊಳಗಿನಿಂದ ಬೀಡಿ ತೆಗೆದು, "ಸಣ್ಣ ಸಾಹೇಬ್ರೇ, ಸ್ವಲ್ಪ ಬೆಂಕಿ" ಎಂದ. ಇಬ್ಬರೂ ಒಂದೇ ಮಾಡಿನ ಕೆಳಗೆ ನಿಂತು ಸೇದಿದೆವು. ಅವನು ಕೆಮ್ಮಿದ, ನಾನೂ ಕೆಮ್ಮಿದೆ. ರಮಝಾನ್ ಬಂದಾಗ ಹಗಲು ಹೇಗೂ ಇಲ್ಲ, ಇಫ್ತಾರಿನ ನಂತರವೂ ಹಚ್ಚಬಾರದೆಂದು ನಿರ್ಧರಿಸಿದೆ. ಎರಡು ಸಲ ತಪ್ಪಿದೆ. ಈದ್ ಕಳೆದು ಒಂದು ವಾರದ ನಂತರ ಮತ್ತೊಮ್ಮೆ. ಆಮೇಲೆ ಇಲ್ಲ.

ಅದಕ್ಕೂ ಮೊದಲು ಒಂದು ದಿನ ಒಬ್ಬನೇ ಮೂಡಿಗೆರೆಗೆ ಹೋಗಿ ಡಾಕ್ಟರಿಗೆ ವಿಷಯ ಹೇಳಿ ಬಂದಿದ್ದೆ. ಅವರು ಹೆಚ್ಚೇನೂ ಮಾತಾಡಲಿಲ್ಲ. ಮಗಳ ಚೀಟಿಯನ್ನು ತರಿಸಿಕೊಂಡು ಮೂಲೆಯಲ್ಲಿ ಏನೋ ಬರೆದುಕೊಂಡರು.

ಮಗಳಿಗೆ ಈಗಲೂ ಮಳೆಗಾಲದಲ್ಲಿ ಒಮ್ಮೊಮ್ಮೆ ಉಬ್ಬಸ ಬರುತ್ತದೆ. ಅವಳ ಮನೆ ಹಾಸನದಲ್ಲಿ, ಅಲ್ಲಿ ಮಳೆ ಕಡಿಮೆ. ಪೈಪು ಏನಾಯಿತೆಂದು ಕೆಲವರು ಕೇಳುತ್ತಾರೆ. ಅಜ್ಜನ ಲೆಕ್ಕದ ಪುಸ್ತಕಗಳ ಜೊತೆ ಮರದ ಪೆಟ್ಟಿಗೆಯಲ್ಲಿದೆ. ಎಸೆಯಲು ಮನಸ್ಸು ಬಂದಿಲ್ಲ, ತೆರೆದು ನೋಡಲು ಧೈರ್ಯವೂ ಇಲ್ಲ, ಯಾಕೆಂದರೆ ಆ ವಾಸನೆ ಇನ್ನೂ ಇದೆ. ಭಾವ ಆ ವರ್ಷವೂ ದುಬೈಯಿಂದ ಹೊರಡುವ ಮೊದಲು ಫೋನು ಮಾಡಿ, "ಎಂದಿನ ಡಬ್ಬಿ ನಾಲ್ಕು ಸಾಕಾ?" ಎಂದು ಕೇಳಿದ್ದರು. ಅದರ ಬದಲು ಅಷ್ಟೇ ತೂಕದ ಖರ್ಜೂರ ತನ್ನಿ ಎಂದೆ. ಲೈನಿನಲ್ಲಿ ಸ್ವಲ್ಪ ಹೊತ್ತು ಮಾತಿರಲಿಲ್ಲ. "ಯಾಕೆ, ಹುಷಾರಿಲ್ವಾ?" ಎಂದು ಕೇಳಿದರು.